ಮೆಣಸಿನ ಬಳ್ಳಿಯ ವೈರಸ್‌ಗೆ ಟಾನಿಕ್ ಮಾರುವವರಿಗೆ ಒಂದು ಪ್ರಶ್ನೆ

ಸಂಪಾದಕರೇ,

ನಮ್ಮ ಕಡೆಯ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಒಂದು ವಿಡಿಯೊ ಓಡಾಡುತ್ತಿದೆ. ಕರಿಮೆಣಸಿಗೆ ವೈರಸ್ ಬಂದರೆ ಇಂಥ ಟಾನಿಕ್ ಹೊಡೆಯಿರಿ, ಒಂದು ತಿಂಗಳಲ್ಲಿ ವೈರಸ್ ಸತ್ತು ಹೋಗುತ್ತದೆ ಅಂತ. ಜನ ನಂಬಿ ಹೊಡೆಯುತ್ತಲೂ ಇದ್ದಾರೆ. ಮಾರುವವರಿಗೆ ನನ್ನದು ಒಂದೇ ಪ್ರಶ್ನೆ: ನಿಮ್ಮ ಟಾನಿಕ್ ಬಳ್ಳಿಯೊಳಗೆ ಹೋಗಿ ಕೊಲ್ಲುವುದಾದರೂ ಯಾವುದನ್ನು?

ಎಲೆ ಸಣ್ಣದಾಗಿ ದಪ್ಪಗಾಗುತ್ತದೆ, ನರಗಳ ಮಧ್ಯೆ ಹಳದಿ ಮಚ್ಚೆ ಬರುತ್ತದೆ, ಅಂಚು ಸುರುಟಿಕೊಳ್ಳುತ್ತದೆ, ಗಿಣ್ಣುಗಳು ಒತ್ತೊತ್ತಾಗಿ ಬಳ್ಳಿ ಕುಳ್ಳಾಗಿಬಿಡುತ್ತದೆ. ಈ ರೋಗದ ಹಿಂದೆ ಎರಡು ವೈರಸ್‌ಗಳಿವೆ. ಒಂದು ಸೌತೆಯ ಮೊಸಾಯಿಕ್ ವೈರಸ್, ಅದು ಆರ್‌ಎನ್‌ಎ ಜಾತಿ, ಸದ್ಯಕ್ಕೆ ಬಿಡೋಣ. ಇನ್ನೊಂದು ಪೈಪರ್ ಯೆಲ್ಲೋ ಮಾಟಲ್ ವೈರಸ್. ಇದು ಡಿಎನ್‌ಎ ವೈರಸ್. ವಿಡಿಯೊದವರು ಒಂದು ಮಾತೂ ಆಡದೆ ಬಿಟ್ಟಿದ್ದು ಇದರ ವಿಷಯವನ್ನೇ.

ಇದರ ಡಿಎನ್‌ಎ ಒಂದು ಉಂಗುರ, ಸುಮಾರು 7,500 ಅಕ್ಷರಗಳದ್ದು. ಬಿಡಿಸಿ ಉದ್ದಕ್ಕೆ ಹಿಡಿದರೆ ಅದನ್ನು ತುಂಬಿಟ್ಟ ಕವಚಕ್ಕಿಂತ ಸುಮಾರು 20 ಪಟ್ಟು ಉದ್ದ ಬರುತ್ತದೆ. ಬಳ್ಳಿಯ ಕೋಶದೊಳಗೆ ಬಂದಾಗ ಈ ಉಂಗುರದ ಎರಡೂ ಎಳೆಗಳಲ್ಲಿ ಕಡಿತ ಇರುತ್ತದೆ, ಹಾಗಾಗಿ ಸಡಿಲವಾಗಿರುತ್ತದೆ. ಅದು ಸೀದಾ ನ್ಯೂಕ್ಲಿಯಸ್‌ಗೆ ಹೋಗುತ್ತದೆ, ಅಲ್ಲಿ ಬಳ್ಳಿಯದೇ ರಿಪೇರಿ ಕಿಣ್ವಗಳು ಬಂದು, ಪಾಪ, ತಮ್ಮದೇ ಡಿಎನ್‌ಎ ಅಂದುಕೊಂಡು ಆ ಕಡಿತಗಳನ್ನು ಬೆಸೆದು ಕೊಡುತ್ತವೆ. ಬೆಸೆದ ಮೇಲೆ ಉಂಗುರದ ಹುರಿ ಬಿಚ್ಚಿಕೊಳ್ಳಲು ದಾರಿಯೇ ಇಲ್ಲ. ನಾರಿನ ಹಗ್ಗಕ್ಕೆ ಜಾಸ್ತಿ ಹುರಿ ಹಾಕಿ ಎರಡೂ ತುದಿ ಸೇರಿಸಿ ಹಿಡಿದರೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದಲ್ಲ, ಹಾಗೆ. ಒಂದು ಎಳೆ ತುಂಡಾದರೂ ಸಾಕು, ಹುರಿ ಬಿಚ್ಚಿಹೋಗುತ್ತದೆ. ಇಲಿಗಳ ಪಾಲಿಯೋಮಾ ವೈರಸ್‌ನಲ್ಲಿ ಇದನ್ನು ವಿಜ್ಞಾನಿ ಜೆರೋಮ್ ವಿನೋಗ್ರಾಡ್ ಮತ್ತು ಸಂಗಡಿಗರು 1965ರಲ್ಲೇ ತೋರಿಸಿದ್ದರು.

ಇಷ್ಟಕ್ಕೇ ಮುಗಿಯಲ್ಲ. ನ್ಯೂಕ್ಲಿಯಸ್‌ನಲ್ಲಿ ಹಿಸ್ಟೋನ್ ಅಂತ ಪ್ರೋಟೀನ್‌ಗಳಿವೆ, ಬಳ್ಳಿ ತನ್ನ ಡಿಎನ್‌ಎಯನ್ನು ಸುತ್ತಿಡುವುದು ಅವುಗಳ ಮೇಲೆ. ವೈರಸ್‌ನ ಉಂಗುರವೂ ಅದೇ ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಂಡು ಕೂರುತ್ತದೆ. ಇದೇ ಕುಟುಂಬದ ಹೂಕೋಸಿನ ವೈರಸ್‌ನಲ್ಲಿ ಎಣಿಸಿ ನೋಡಿದ್ದಾರೆ, ಒಂದು ಉಂಗುರಕ್ಕೆ ಸುಮಾರು 40 ಉಂಡೆ. ಅಲ್ಲಿಗೆ ಅದು ಬಳ್ಳಿಯ ಒಂದು ಪುಟಾಣಿ ಕ್ರೋಮೋಸೋಮ್ ಆಯ್ತು. ಬಳ್ಳಿಯ ಯಂತ್ರವೇ ಅದನ್ನು ಓದಿ ಆರ್‌ಎನ್‌ಎ ಪ್ರತಿ ತೆಗೆಯುತ್ತದೆ. ಆ ಪ್ರತಿ ನ್ಯೂಕ್ಲಿಯಸ್‌ನಿಂದ ಹೊರಗೆ ಬಂದಮೇಲೆ ವೈರಸ್ ತನ್ನದೇ ಒಂದು ಕಿಣ್ವದಿಂದ ಅದನ್ನು ಮತ್ತೆ ಡಿಎನ್‌ಎ ಮಾಡಿಕೊಂಡು ಹೊಸ ಕವಚದಲ್ಲಿ ತುಂಬಿಕೊಳ್ಳುತ್ತದೆ.

ಆ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಎಚ್‌ಐವಿಯಲ್ಲಿ, ಹೆಪಟೈಟಿಸ್ ಬಿಯಲ್ಲಿ ಇರುವುದೂ ಇಂಥದ್ದೇ. (ಗಾಬರಿ ಬೇಡ, ಮೆಣಸಿನ ವೈರಸ್ ಮನುಷ್ಯರಿಗೆ ಹತ್ತಲ್ಲ, ಕಾಳು ಆರಾಮಾಗಿ ತಿನ್ನಬಹುದು.) ಹೆಪಟೈಟಿಸ್ ಬಿಗೆ ಈ ಕಿಣ್ವವನ್ನೇ ತಡೆಯುವ ಒಳ್ಳೆಯ ಮಾತ್ರೆಗಳಿವೆ. ಹೊಸ ವೈರಸ್ ಹುಟ್ಟುವುದನ್ನು ಚೆನ್ನಾಗಿ ತಡೆಯುತ್ತವೆ. ಆದರೂ ಎಷ್ಟೋ ಜನ ವರ್ಷಗಟ್ಟಲೆ ಮಾತ್ರೆ ನುಂಗುತ್ತಲೇ ಇರಬೇಕು, ಯಾಕಂದ್ರೆ ಲಿವರ್ ಕೋಶದ ನ್ಯೂಕ್ಲಿಯಸ್‌ನಲ್ಲಿ ಹೀಗೇ ಸುತ್ತಿಕೊಂಡು ಕೂತ ಆ ವೈರಸ್‌ನ ಉಂಗುರ ಆ ಮಾತ್ರೆಗೆ ಸಿಗುವುದೇ ಇಲ್ಲ. ಮನುಷ್ಯರಿಗೆ ಇಷ್ಟು ದೊಡ್ಡ ಸಂಶೋಧನೆ ಮಾಡಿದವರಿಗೇ ಆಗದ ಕೆಲಸವನ್ನು ಎಲೆಯ ಮೇಲೆ ಹೊಡೆದ ಟಾನಿಕ್ ಒಂದು ತಿಂಗಳಲ್ಲಿ ಮಾಡುತ್ತದಂತೆ! ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರೆ ಮೆಣಸಿನ ಸೊರಗು ರೋಗ ಹತೋಟಿಗೆ ಬರುತ್ತದಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಸ್ವಾಮಿ, ಸೊರಗು ರೋಗದ ಶಿಲೀಂಧ್ರದಂಥ ರೋಗಾಣು ಹೊರಗಿನಿಂದ ಬಂದು ಎಲೆ, ಬೇರಿಗೆ ತಗಲುವಂಥದ್ದು, ಬೋರ್ಡೋ ಅದಕ್ಕೆ ಹೊರಗಡೆಯೇ ತಡೆ ಹಾಕುತ್ತದೆ. ಅದೇ ಬೇರೆ, ಇದೇ ಬೇರೆ.

ಹಾಗಾದರೆ ವಿಡಿಯೊದಲ್ಲಿ ಬಳ್ಳಿ ಹಸಿರಾಗಿದ್ದು ಹೇಗೆ? ಈ ರೋಗದ ಲಕ್ಷಣ ಬೇಸಿಗೆಯಲ್ಲಿ ಜಾಸ್ತಿ ಕಾಣುತ್ತದೆ, ಮಳೆ ಹಿಡಿದು ತಂಪಾದರೆ ಮರೆಯಾಗುತ್ತದೆ. ಮೇ ತಿಂಗಳಲ್ಲಿ ಟಾನಿಕ್ ಹೊಡೆದು ಜುಲೈನಲ್ಲಿ ಫೋಟೊ ತೆಗೆದರೆ ಹಸಿರಾಗಿ ಕಾಣದೆ ಇನ್ನೇನು? ಸುಮ್ನೆ ನೀರು ಹೊಡೆದಿದ್ದರೂ ಹಾಗೇ ಕಾಣುತ್ತಿತ್ತು. ಉಂಗುರ ಮಾತ್ರ ಒಳಗೇ ಇರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಟಾನಿಕ್ ದುಡ್ಡಿಗಲ್ಲ. ವಾಸಿಯಾಯ್ತು ಅಂತ ಅದೇ ಬಳ್ಳಿಯಿಂದ ಗಿಡ ಮಾಡಿ ಮಾರುತ್ತಾರಲ್ಲ, ಅದಕ್ಕೆ. ಈ ವೈರಸ್ ಹರಡುವುದು ಮುಖ್ಯವಾಗಿ ಎರಡೇ ದಾರಿಯಲ್ಲಿ: ಹಿಟ್ಟು ತಿಗಣೆಯಿಂದ, ಮತ್ತೆ ನಾವೇ ಕತ್ತರಿಸಿ ನೆಡುವ ತುಂಡುಗಳಿಂದ. ತಿಗಣೆ ಪಕ್ಕದ ಮರಕ್ಕೆ ಹೋಗುವಷ್ಟರಲ್ಲಿ ನರ್ಸರಿಯ ಒಂದು ತಾಯಿ ಬಳ್ಳಿ ವಿರಾಜಪೇಟೆಯಿಂದ ಸಕಲೇಶಪುರದವರೆಗೂ ರೋಗ ತಲುಪಿಸಿರುತ್ತದೆ. ಕೆಲವು ಬಳ್ಳಿಗಳಂತೂ ಲಕ್ಷಣವನ್ನೇ ತೋರಿಸದೆ ವೈರಸ್ ಇಟ್ಟುಕೊಂಡಿರುತ್ತವೆ, ಅವನ್ನು ಕಣ್ಣಲ್ಲಿ ನೋಡಿ ಹಿಡಿಯಲು ಯಾರಿಗೂ ಆಗಲ್ಲ. ಪಿಸಿಆರ್ ಪರೀಕ್ಷೆಯೇ ಆಗಬೇಕು.

ಗಿಡ ಮಾಡಲು ಬುಡದ ಹಂಬು ಕತ್ತರಿಸಿ ಪಾಲಿಥಿನ್ ಚೀಲಕ್ಕೆ ಹಾಕುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ಬಿಸಿಲು ಪೂರ್ತಿ ಏರಿ ಲಕ್ಷಣ ಚೆನ್ನಾಗಿ ಕಾಣುವ ಮೊದಲೇ. ಆದ್ದರಿಂದ ಹಿಂದಿನ ಬೇಸಿಗೆಯಲ್ಲೇ ತೋಟ ಸುತ್ತಿ, ರೋಗ ಕಂಡ ಬಳ್ಳಿಯ ಮರಕ್ಕೆ ಬಣ್ಣ ಬಳಿದು, ಬಳ್ಳಿ ಕಿತ್ತು ಸುಡಬೇಕು. ಫಸಲು ಬರುತ್ತಿರುವ ಬಳ್ಳಿ ಕೀಳಲು ಹೊಟ್ಟೆ ಉರಿಯುತ್ತದೆ ನಿಜ. ಕೀಳಲು ಮನಸ್ಸು ಬಾರದಿದ್ದರೆ ಅದರಿಂದ ತುಂಡನ್ನಾದರೂ ತೆಗೆಯಬೇಡಿ.

ಇನ್ನು ತೋಟಗಾರಿಕೆ ಇಲಾಖೆಯವರಿಗೆ. ಮಡಿಕೇರಿ ಪಕ್ಕದ ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ, ಅವರ ಜೊತೆ ಮಾತಾಡಿ, ಗಿಡ ಮಾರುವ ನರ್ಸರಿಗಳು, ಸರ್ಕಾರಿ ನರ್ಸರಿಗಳೂ ಸೇರಿದಂತೆ, ವರ್ಷಕ್ಕೊಮ್ಮೆ ತಾಯಿ ಬಳ್ಳಿಗಳ ಪರೀಕ್ಷೆ ಮಾಡಿಸಿ ವರದಿಯನ್ನು ಗಿಡ ಕೊಳ್ಳಲು ಬಂದವರಿಗೆ ತೋರಿಸಬೇಕು ಅಂತ ಆದೇಶ ಮಾಡಲಿ. ಈ ಮಳೆಗಾಲದ ನಾಟಿಗಂತೂ ತಡವಾಯಿತು, ಮುಂದಿನ ಫೆಬ್ರುವರಿಗಾದರೂ ಆಗಲಿ.

– ಒಬ್ಬ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು, ಕೊಡಗು