ಕೋವಿ ಕಪಾಟಿನ ಲೈಟ್: ಇನ್ಮೇಲೆ ತೂತು ಕೊರೆಯುವುದಿಲ್ಲ, ಕಿಟ್ ಕೊಡುತ್ತೇವೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಕೋವಿ ಕಪಾಟಿನ ಹಿಂಬದಿಗೆ ತೂತು ಕೊರೆದು, ಮನೆ ಕರೆಂಟಿನಿಂದ ಒಳಗೆ ಲೈಟ್ ಹಾಕಿಕೊಡುವ ಕೆಲಸವನ್ನು ಜೂನ್ 1ರಿಂದ ನಿಲ್ಲಿಸುತ್ತಿದ್ದೇವೆ. ಬದಲಿಗೆ ಬ್ಯಾಟರಿಯಲ್ಲಿ ಉರಿಯುವ ಎಲ್‌ಇಡಿ ಪಟ್ಟಿಯ ಕಿಟ್ ಕೊಡುತ್ತೇವೆ. ನೀವೇ ಅಂಟಿಸಿಕೊಳ್ಳಬಹುದು. ಫಿಟ್ಟಿಂಗ್ ಚಾರ್ಜೂ ಉಳಿಯುತ್ತದೆ.

ಕಾರಣ ನಮ್ಮ ಕೊಡಗಿನ ಮಳೆಯೇ. ತೂತಿದ್ದರೆ ಥಂಡಿ ಒಳಗೆ ಬರುತ್ತದೆ. ಕೊರೆದ ಜಾಗದಲ್ಲಿ ಪೇಂಟ್ ಎದ್ದು, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಬೆಂಕಿ ತಡೆಯಲು ಜಿಪ್ಸಂ ಹಲಗೆ ಕೂರಿಸಿದ ಕಪಾಟಾದರೆ ಆ ಹಲಗೆಯೂ ಕೆಟ್ಟಿತು. ಇಷ್ಟೆಲ್ಲ ಮಾಡಿದರೂ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋದಾಗ ಲೈಟ್ ಉರಿಯಲ್ಲ. ಬೇಕಾಗುವುದು ಆಗಲೇ ಅಲ್ವಾ?

ಕಿಟ್‌ನಲ್ಲಿ 12 ವೋಲ್ಟಿನ ಪಟ್ಟಿ, 8 ಪೆನ್ಸಿಲ್ ಸೆಲ್ ಹಾಕುವ ಡಬ್ಬಿ, ಮ್ಯಾಗ್ನೆಟ್ ಸ್ವಿಚ್ ಇರುತ್ತವೆ. ಕೆಲಸಕ್ಕೆ ಮೊದಲು ಕೋವಿಯಲ್ಲಿ ತೋಟೆ ಇಲ್ಲವೆಂದು ನೋಡಿ, ಎಲ್ಲವನ್ನೂ ಹೊರಗಿಡಿ. ಪಟ್ಟಿಯನ್ನು ಮೇಲ್ಗಡೆ ಅಂಟಿಸಬೇಡಿ. ಮೇಲೊಂದು ಶೆಲ್ಫ್ ಇದ್ದರೆ ಬೆಳಕೆಲ್ಲ ಅಲ್ಲೇ ನಿಲ್ಲುತ್ತದೆ, ಕೋವಿ ನಿಂತ ಕಡೆ ಕತ್ತಲೆಯೇ. ಬಾಗಿಲ ಚೌಕಟ್ಟಿನ ಒಳಮಗ್ಗುಲಿಗೆ, ಎಡಕ್ಕೂ ಬಲಕ್ಕೂ ಉದ್ದಕ್ಕೆ ಅಂಟಿಸಿ. ಆಗ ಬೆಳಕು ಕಣ್ಣಿಗೆ ಹೊಡೆಯದೆ ಹಿಂದಿನ ಗೋಡೆಯವರೆಗೆ ಹೋಗುತ್ತದೆ. ಒಳಗಿನ ವೆಲ್ವೆಟ್ ಬಟ್ಟೆಗೆ ಅಂಟು ಹಿಡಿಯಲ್ಲ. ಬರಿ ಉಕ್ಕಿನ ಮೇಲೆ, ಸ್ಪಿರಿಟ್‌ನಿಂದ ಒರೆಸಿ ಅಂಟಿಸಿ. ಉದ್ದ ಜಾಸ್ತಿಯಾದರೆ ತಾಮ್ರದ ಗುರುತಿರುವಲ್ಲೇ ಕತ್ತರಿಸಿ. ಬೇರೆಲ್ಲಾದರೂ ಕತ್ತರಿಸಿದರೆ ಆ ತುಂಡಿನ ಮೂರು ಬಲ್ಬೂ ಹೋದವು.

ಸ್ವಿಚ್ ಚೌಕಟ್ಟಿಗೆ, ಮ್ಯಾಗ್ನೆಟ್ ಬಾಗಿಲಿಗೆ. ಮುಚ್ಚಿದಾಗ ಎರಡೂ ಹತ್ತಿರ ಬರಬೇಕು. ಮುಚ್ಚಿದ ಮೇಲೆ ಲೈಟ್ ಆರಿತೋ ಇಲ್ಲವೋ ಹೊರಗಿನಿಂದ ಗೊತ್ತಾಗಲ್ಲ. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು, ಬಾಗಿಲು ಮುಚ್ಚಿ ತೆರೆದು ನೋಡಿ. ವಿಡಿಯೋ ಕಪ್ಪಾದರೆ ಸರಿ. ಸೆಲ್ಲುಗಳನ್ನು ವರ್ಷಗಟ್ಟಲೆ ಅಲ್ಲೇ ಬಿಡಬೇಡಿ, ಸೋರಿದರೆ ಡಬ್ಬಿಯೇ ಹಾಳು. ಪವರ್ ಬ್ಯಾಂಕ್ ಆಗಲ್ವಾ ಎಂದು ಕೆಲವರು ಕೇಳಿದ್ದೀರಿ. ಇಷ್ಟು ಕಡಿಮೆ ಕರೆಂಟ್ ಎಳೆದರೆ ಹಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ, ಹಾಗಾಗಿ ಬೇಡ.

ಲೈಟ್ ಇದ್ದರೆ ತುಕ್ಕು ಬರಲ್ಲ ಅನ್ನುವವರಿಗೆ ಒಂದು ಮಾತು. ಹಿಂದೆ ಒಳಗೆ 40 ವ್ಯಾಟ್ ಬಲ್ಬ್ ಉರಿಸುತ್ತಿದ್ದಾಗ ಅದರ ಕಾವಿಗೆ ಕಪಾಟು ಬೆಚ್ಚಗಿರುತ್ತಿತ್ತು. ಎಲ್‌ಇಡಿಯಲ್ಲಿ ಆ ಕಾವಿಲ್ಲ. ಸಿಲಿಕಾ ಜೆಲ್ ಇಡಲೇಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿದೆ ಎಂದೇ ಲೆಕ್ಕ. ಬಿಸಿಮಾಡಿ ಒಣಗಿಸಿ ಮತ್ತೆ ಇಡಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ. ನಳಿಗೆಗೆ ಎಣ್ಣೆ ಸವರುವುದನ್ನೂ ಬಿಡಬೇಡಿ.

ಈಗಾಗಲೇ ವೈರ್ ಹಾಕಿಸಿಕೊಂಡವರು ಗಾಬರಿಯಾಗಬೇಡಿ. ಬೇಕೆಂದವರ ಮನೆಗೇ ಬಂದು ವೈರ್ ತೆಗೆದು, ತೂತು ಮುಚ್ಚಿ, ಪೇಂಟ್ ಹೊಡೆದು ಕೊಡುತ್ತೇವೆ. ಇದಕ್ಕೆ ದುಡ್ಡು ತೆಗೆದುಕೊಳ್ಳಲ್ಲ. ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೋವಿ ತೆಗೆದು ಒರೆಸುವವರೆಲ್ಲ ಒಟ್ಟಿಗೆ ಫೋನ್ ಮಾಡುತ್ತೀರಿ. ಆಗಸ್ಟ್ ಮುಗಿಯುವುದರೊಳಗೆ ತಿಳಿಸಿದರೆ ನಮಗೂ ಅನುಕೂಲ.

ಇಂತಿ,
ವರ್ಕ್‌ಶಾಪಿನ ಎಲ್ಲರೂ
ಗೋಣಿಕೊಪ್ಪ