ಮಗಳಿಗೊಂದು ಪತ್ರ: ಹನ್ಯು ಮತ್ತು ಅವನೆದುರು ನಿಂತವರು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. 2022ರ ಬೀಜಿಂಗ್ ಒಲಿಂಪಿಕ್ಸ್ ವಿಡಿಯೋ ಮತ್ತೆ ನೋಡಿದೆಯಂತೆ, ಮತ್ತೆ ಅಳು ಬಂತಂತೆ. ನನಗೆ ಅರ್ಥವಾಗುತ್ತದೆ ಕಣೇ. ಜಪಾನಿನ ಫಿಗರ್ ಸ್ಕೇಟರ್ ಯುಜುರು ಹನ್ಯು ಬೀಳುವುದನ್ನು ನೋಡಿದರೆ ನನಗೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಆದರೆ ಕೊನೆಯಲ್ಲಿ ಅಲ್ಲಿ ಚಿನ್ನ ಗೆದ್ದ ಅಮೆರಿಕದ ನಾಥನ್ ಚೆನ್ ಬಗ್ಗೆ ಬರೆದಿದ್ದೀಯಲ್ಲ, 'ಅವನು ಬರೀ ಜಂಪ್ ಮಾಡೋ ಮಷಿನ್' ಅಂತ, ಅದು ನನಗೆ ಹಿಡಿಸಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ತಡೆಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹನ್ಯು ಮೇಲಿನ ಪ್ರೀತಿಯನ್ನು ಕಡಿಮೆ ಮಾಡಿಕೋ ಅಂತ ನಾನು ಹೇಳುತ್ತಿಲ್ಲ. ಹೇಗೆ ಹೇಳಲಿ? ಅವನನ್ನು ನನಗೆ ತೋರಿಸಿಕೊಟ್ಟವಳೇ ನೀನು. ಸೆಂಡಾಯ್‌ನ ಹುಡುಗ, ಚಿಕ್ಕಂದಿನಲ್ಲೇ ಆಸ್ತಮಾ, ಅಕ್ಕನ ಹಿಂದೆ ಓಡಿಕೊಂಡು ನಾಲ್ಕನೇ ವಯಸ್ಸಿಗೇ ರಿಂಕ್‌ಗೆ ಇಳಿದವನು. 2011ರ ಮಾರ್ಚ್ 11ರಂದು ಭೂಕಂಪವಾದಾಗ ಅವನಿಗೆ 16 ವರ್ಷ. ಪ್ರಾಕ್ಟೀಸ್ ಮಾಡುತ್ತಿದ್ದವನು ಸ್ಕೇಟ್ಸ್ ಬಿಚ್ಚದೆ ಹಾಗೇ ಹೊರಗೆ ಓಡಿದ. ಮನೆಯವರ ಜೊತೆ ಪರಿಹಾರ ಕೇಂದ್ರದಲ್ಲಿ ದಿನ ಕಳೆದ. ರಿಂಕ್ ಮುಚ್ಚಿತು. ಆಮೇಲೆ ಐಸ್ ಶೋಗಳಿಗೆ ಊರೂರು ಸುತ್ತುತ್ತಾ, ಅಲ್ಲಿ ಸಿಕ್ಕ ರಿಂಕ್‌ನಲ್ಲೇ ಅಭ್ಯಾಸ ಮಾಡಿಕೊಂಡ. ಮರುವರ್ಷ ಫ್ರಾನ್ಸಿನ ನೀಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಫ್ರೀ ಸ್ಕೇಟ್, ಅಂದರೆ ಸ್ಪರ್ಧೆಯ ಎರಡನೇ, ಉದ್ದದ ಭಾಗ, ಅದರ ನಡುವೆ ಸುಮ್ನೆ ಕಾಲು ಜಾರಿ ಬಿದ್ದ. ಎದ್ದವನೇ ಟ್ರಿಪಲ್ ಆಕ್ಸೆಲ್, ಅದರ ಬೆನ್ನಿಗೇ ಟ್ರಿಪಲ್ ಟೋ ಲೂಪ್, ಎರಡೂ ಮೂರು ಸುತ್ತಿಗೆ ಕಡಿಮೆಯಿಲ್ಲದ ಜಂಪ್‌ಗಳು. ಹದಿನೇಳನೇ ವಯಸ್ಸಿಗೆ ಕಂಚು. ಆ ವಿಡಿಯೋ ನನಗೆ ತೋರಿಸುವಾಗ ನಿನ್ನ ಕೈ ನಡುಗುತ್ತಿತ್ತು.

ಆ ದಿನ ಚಿನ್ನ ಗೆದ್ದವನು ಯಾರು ಹೇಳು? ಕೆನಡಾದ ಪ್ಯಾಟ್ರಿಕ್ ಚಾನ್. 2011ರಿಂದ ಸತತ ಮೂರು ವರ್ಷ ವಿಶ್ವ ಚಾಂಪಿಯನ್. ಅವನು ಬ್ಲೇಡ್ ಊರಿ ಬಾಗುವುದನ್ನು ನೋಡಿದರೆ ಮಂಜುಗಡ್ಡೆಯೇ ಅವನನ್ನು ಮುಂದಕ್ಕೆ ಒಯ್ಯುತ್ತಿದೆ ಅನ್ನಿಸುತ್ತದೆ. 2013ರ ಆ ಸೀಸನ್‌ನಲ್ಲಿ ಹನ್ಯು ಮೊದಲು ಕೆನಡಾದಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ಇದೇ ಚಾನ್ ಕೈಲಿ ಸೋತ. ಡಿಸೆಂಬರಿನಲ್ಲಿ ಫುಕುವೋಕಾದ ಗ್ರ್ಯಾಂಡ್ ಪ್ರಿ ಫೈನಲ್‌ಗೆ ಬರುವಷ್ಟರಲ್ಲಿ ಬೇರೆಯೇ ಹುಡುಗನಾಗಿದ್ದ. ಅಲ್ಲಿ ಚಾನ್‌ನನ್ನು ಸೋಲಿಸಿದ. ಎರಡು ತಿಂಗಳಿಗೆ ಸೋಚಿ ಒಲಿಂಪಿಕ್ಸ್. ಸ್ಪರ್ಧೆಯ ಮೊದಲ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ 101.45. ನೂರರ ಗಡಿ ದಾಟಿದ ಮೊದಲ ಸ್ಕೇಟರ್ ಅವನು. ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದ. ಚಾನ್ ಕೂಡ ಎಡವಿದ. ಕೊನೆಗೆ ಹನ್ಯು 280.09, ಚಾನ್ 275.62. ಚಿನ್ನ ಹನ್ಯುಗೆ. ಇಬ್ಬರೂ ತಪ್ಪು ಮಾಡಿದ ಆ ಸಂಜೆಯನ್ನು ಕೆಲವರು ಕಳಪೆ ಫೈನಲ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬರ ಭಾರ ಇನ್ನೊಬ್ಬರ ಹೆಗಲ ಮೇಲೆ ಎಷ್ಟಿತ್ತು ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅವತ್ತು ಕಂಚು ಗೆದ್ದವನು ಕಜಕಿಸ್ತಾನದ ಡೆನಿಸ್ ಟೆನ್. 2018ರಲ್ಲಿ ಅಲ್ಮಾಟಿಯಲ್ಲಿ ಕಳ್ಳರ ಚೂರಿಗೆ ಬಲಿಯಾದ, ಇನ್ನೂ 25 ವರ್ಷ. ಆ ಮೂವರ ಫೋಟೋ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಅವನ ಮೇಲೇ ಹೋಗುತ್ತದೆ.

ಇನ್ನು ಹಾವಿಯೆರ್ ಫೆರ್ನಾಂಡೆಸ್. ಇವನ ಬಗ್ಗೆ ನೀನು ಎಷ್ಟು ಕಡಿಮೆ ಮಾತಾಡುತ್ತೀಯ! ಫಿಗರ್ ಸ್ಕೇಟಿಂಗ್‌ನಲ್ಲಿ ಹೇಳಿಕೊಳ್ಳುವಂಥ ಹೆಸರೇ ಇಲ್ಲದ ಸ್ಪೇನ್‌ನಿಂದ ಬಂದವನು, ಸತತ ಏಳು ಸಲ ಯುರೋಪಿಯನ್ ಚಾಂಪಿಯನ್ ಆದ. ಹನ್ಯು 2012ರಲ್ಲಿ ಟೊರೊಂಟೊಗೆ ಹೋದನಲ್ಲ, ಅಲ್ಲಿ ಫೆರ್ನಾಂಡೆಸ್ ಆಗಲೇ ಇದ್ದ. ಅವನ ಕ್ವಾಡ್ ಸಾಲ್ಕೌ, ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಂಪ್, ಪಕ್ಕದಲ್ಲೇ ನಿಂತು ನೋಡಬಹುದು ಅನ್ನುವುದೂ ಹನ್ಯು ಅಲ್ಲಿಗೆ ಹೋಗಲು ಒಂದು ಕಾರಣ. ಒಂದೇ ರಿಂಕ್, ಒಬ್ಬರೇ ಕೋಚ್, ಒಂದೇ ಚಿನ್ನದ ಮೇಲೆ ಇಬ್ಬರ ಕಣ್ಣು. ಸುಮ್ನೆ ಯೋಚನೆ ಮಾಡು. ಬೆಳಗ್ಗೆ ನೀನು ಬೀಳುವುದನ್ನು ಅವನು ನೋಡುತ್ತಾನೆ, ಸಂಜೆ ಅವನು ಬೀಳುವುದನ್ನು ನೀನು ನೋಡುತ್ತೀಯ. ಮುಚ್ಚಿಡುವುದಕ್ಕೆ ಏನೂ ಇಲ್ಲ.

ಅಂಥ ಇಬ್ಬರನ್ನು ಒಟ್ಟಿಗೆ ಸಾಕುವುದಕ್ಕೆ ಬ್ರಯನ್ ಓರ್ಸರ್ ಅಂಥವರೇ ಬೇಕಿತ್ತು. ಅವರ ಕತೆ ನಿನಗೆ ಗೊತ್ತಾ? 1988ರ ಕ್ಯಾಲ್ಗರಿ ಒಲಿಂಪಿಕ್ಸ್, ತಮ್ಮದೇ ದೇಶ ಕೆನಡಾ, ತಮ್ಮದೇ ಜನ. ಎದುರಿಗೆ ಅಮೆರಿಕದ ಬ್ರಯನ್ ಬೋಯಿಟಾನೊ. ಒಂಬತ್ತು ಜಡ್ಜ್‌ಗಳಲ್ಲಿ ಐವರು ಬೋಯಿಟಾನೊ ಕಡೆ, ನಾಲ್ವರು ಇವರ ಕಡೆ. ನಾಲ್ಕು ವರ್ಷದ ಹಿಂದೆ ಸರಾಯೆವೊದಲ್ಲಿ ಬೆಳ್ಳಿ, ಇಲ್ಲೂ ಬೆಳ್ಳಿ. ಅಷ್ಟಾದರೂ ಆ ಇಬ್ಬರು ಬ್ರಯನ್‌ಗಳು ಸ್ನೇಹಿತರಾಗಿಯೇ ಉಳಿದರು. ಕೂದಲೆಳೆಯಲ್ಲಿ ಚಿನ್ನ ತಪ್ಪಿದವರು, ತಪ್ಪಿಸಿದವನ ಮೇಲೆ ಹಗೆ ಇಟ್ಟುಕೊಳ್ಳದವರು, ನಿನ್ನ ಹನ್ಯುವಿಗೆ ಕಲಿಸಿದರು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

2016ರ ಬಾಸ್ಟನ್ ನೆನಪಿದೆಯಾ? ವಿಶ್ವ ಚಾಂಪಿಯನ್‌ಶಿಪ್. ಶಾರ್ಟ್ ಪ್ರೋಗ್ರಾಂ ಮುಗಿದಾಗ ಹನ್ಯು 110.56, ಫೆರ್ನಾಂಡೆಸ್ 98.52. ಹನ್ನೆರಡು ಪಾಯಿಂಟ್ ಅಂತರ. ಜೊತೆಗೆ ಫೆರ್ನಾಂಡೆಸ್‌ಗೆ ಹಿಮ್ಮಡಿ ನೋವು. ಕತೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಫ್ರೀ ಸ್ಕೇಟ್‌ನಲ್ಲಿ ಅವನು ಇಳಿದ, 216.41 ಗಳಿಸಿದ, ಚಿನ್ನ ತೆಗೆದುಕೊಂಡು ಹೋದ. ನೀನು ಈ ಸ್ಪರ್ಧೆಯನ್ನು 'ಹನ್ಯು ಸೋತದ್ದು' ಅಂತ ನೆನಪಿಟ್ಟುಕೊಂಡಿದ್ದೀಯ. ಒಂದು ಸಲ ಹನ್ಯುವನ್ನು ಮರೆತು ಬರೀ ಫೆರ್ನಾಂಡೆಸ್‌ನನ್ನು ನೋಡು ಪುಟ್ಟಿ. ಅವನ ಭುಜ ನೋಡು, ಮುಖದ ನಗು ನೋಡು. ಕಷ್ಟದ ಜಂಪ್ ಮುಗಿಸಿ ಇಳಿದವನು ಉಸಿರು ಎಳೆದುಕೊಳ್ಳುವುದಕ್ಕೂ ನಿಲ್ಲದೆ ಹಾಡಿನೊಳಕ್ಕೆ ವಾಪಸ್ ಹೋಗುತ್ತಾನೆ. ಅಷ್ಟು ಖುಷಿಯಾಗಿ ಸ್ಕೇಟ್ ಮಾಡಿದವರನ್ನು ನಾನು ಜಾಸ್ತಿ ನೋಡಿಲ್ಲ.

ಮರುವರ್ಷ ಹೆಲ್ಸಿಂಕಿಯಲ್ಲಿ ಶಾರ್ಟ್ ಪ್ರೋಗ್ರಾಂ ಆದಾಗ ಹನ್ಯು ಐದನೇ ಸ್ಥಾನದಲ್ಲಿದ್ದ. ಫ್ರೀ ಸ್ಕೇಟ್‌ನಲ್ಲಿ 223.20, ಆಗಿನ ವಿಶ್ವದಾಖಲೆ, ಚಿನ್ನ. ಬಾಸ್ಟನ್‌ನಲ್ಲಿ ಸೋಲದೇ ಇದ್ದಿದ್ದರೆ ಹೆಲ್ಸಿಂಕಿ ಬರುತ್ತಿತ್ತಾ? ನನಗಂತೂ ಅನುಮಾನ.

ಎಲ್ಲರೂ ಎಲ್ಲರನ್ನೂ ಎಳೆದುಕೊಂಡು ಮೇಲೆ ಹೋದ ಕಾಲ ಅದು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಕ್ವಾಡ್ ಮಾಡದೆ ಅಮೆರಿಕದ ಇವಾನ್ ಲೈಸಾಚೆಕ್ ಚಿನ್ನ ಗೆದ್ದಿದ್ದ. ಎಂಟೇ ವರ್ಷಕ್ಕೆ ಒಂದು ಪ್ರೋಗ್ರಾಂನಲ್ಲಿ ಆರು ಕ್ವಾಡ್ ಬಂದವು. ಚೀನಾದ ಜಿನ್ ಬೋಯಾಂಗ್ ಲುಟ್ಜ್ ಅನ್ನುವ ಜಂಪ್‌ನಲ್ಲಿ ನಾಲ್ಕು ಸುತ್ತು ತಿರುಗಿ ಎಲ್ಲರ ನಿದ್ದೆ ಕೆಡಿಸಿದ. 2016ರಲ್ಲಿ ಜಪಾನಿನ ಶೋಮಾ ಉನೊ ಸ್ಪರ್ಧೆಯಲ್ಲಿ ಮೊದಲ ಕ್ವಾಡ್ ಫ್ಲಿಪ್ ಇಳಿಸಿದ, ಅದೇ ವರ್ಷ ಹನ್ಯು ಮೊದಲ ಕ್ವಾಡ್ ಲೂಪ್ ಇಳಿಸಿದ.

ಆ ಆರು ಕ್ವಾಡ್ ಮಾಡಿದವನೇ ನೀನು ಮಷಿನ್ ಅಂದ ಹುಡುಗ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್, ಚೆನ್‌ಗೆ ಆಗ 18. ಶಾರ್ಟ್ ಪ್ರೋಗ್ರಾಂನಲ್ಲಿ ಒಂದು ಜಂಪ್ ಕೂಡ ಸರಿಯಾಗಿ ಆಗಲಿಲ್ಲ. 17ನೇ ಸ್ಥಾನ. ಮಷಿನ್‌ಗೆ ಹಾಗಾಗುತ್ತದಾ? ಅವನ ಮುಖ ನೋಡು, ಹೆದರಿ ಬಿಳಿಚಿಕೊಂಡಿದೆ. ಮಾರನೇ ದಿನ ಅದೇ ರಿಂಕ್‌ಗೆ ಬಂದು ಆರು ಕ್ವಾಡ್‌ಗೆ ಕೈ ಹಾಕಿದ. ಐದು ಸ್ವಚ್ಛವಾಗಿ ಇಳಿದವು. 215.08, ಅವತ್ತಿನ ಫ್ರೀ ಸ್ಕೇಟ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, ಹನ್ಯುಗಿಂತಲೂ. ಪದಕ ಸಿಗಲಿಲ್ಲ, ಐದನೇ ಸ್ಥಾನ. ಇಂಥದ್ದನ್ನು ಹನ್ಯು ಮಾಡಿದ್ದರೆ ನೀನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ, ಅಲ್ವಾ?

ಅವತ್ತು ಗೆದ್ದವನು ಹನ್ಯು. ಮೂರು ತಿಂಗಳ ಹಿಂದೆ ಒಸಾಕಾದಲ್ಲಿ ಕ್ವಾಡ್ ಲುಟ್ಜ್ ಅಭ್ಯಾಸ ಮಾಡುವಾಗ ಬಲಗಾಲಿನ ಕೀಲು ತಿರುಚಿಕೊಂಡಿತ್ತು. ಯಾವ ಸ್ಪರ್ಧೆಯೂ ಇಲ್ಲದೆ ನೇರ ಒಲಿಂಪಿಕ್ಸ್‌ಗೆ ಬಂದ. ಒಟ್ಟು 317.85. 1952ರಲ್ಲಿ ಅಮೆರಿಕದ ಡಿಕ್ ಬಟನ್ ಆದಮೇಲೆ ಸತತ ಎರಡು ಚಿನ್ನ ಗೆದ್ದವನು ಇವನೇ. ಪ್ರೋಗ್ರಾಂ ಮುಗಿದ ಮೇಲೆ ಬಗ್ಗಿ ಆ ಬಲಗಾಲನ್ನು ಮುಟ್ಟಿಕೊಂಡನಲ್ಲ, ಅದನ್ನು ನೋಡಿದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಎರಡು ತಿಂಗಳಾದ ಮೇಲೆ ಸೆಂಡಾಯ್‌ನಲ್ಲಿ ಮೆರವಣಿಗೆ ನಡೆದಾಗ 1,08,000 ಜನ ಸೇರಿದ್ದರು. ಬೆಳ್ಳಿ ಉನೊಗೆ, ಕಂಚು ಫೆರ್ನಾಂಡೆಸ್‌ಗೆ. ತನ್ನ ಕೊನೆಯ ಒಲಿಂಪಿಕ್ಸ್ ಇದೇ ಅಂತ ಫೆರ್ನಾಂಡೆಸ್ ಹೇಳಿದಾಗ ಹನ್ಯು ಅವನನ್ನು ತಬ್ಬಿಕೊಂಡು ಅತ್ತ. ಚಿನ್ನ ಗೆದ್ದ ಗಳಿಗೆಯಲ್ಲಿ, ತನ್ನನ್ನು ಎರಡು ಸಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋಲಿಸಿದವನು ಹೋಗುತ್ತಾನಲ್ಲ ಅಂತ ಅತ್ತ. ಹನ್ಯುವಿನ ಅಭಿಮಾನಿ ಅನ್ನಿಸಿಕೊಂಡವರು ಇದನ್ನು ಹೇಗೆ ಮರೆಯುತ್ತಾರೋ ನನಗೆ ತಿಳಿಯುವುದಿಲ್ಲ.

ಹನ್ಯುವಿನ ಕೊನೆಯ ಒಲಿಂಪಿಕ್ಸ್ ಫ್ರೀ ಸ್ಕೇಟ್ ಇತ್ತಲ್ಲ, ತಿಳಿನೀಲಿ ಬಟ್ಟೆಯದು, ಅದು ಉಎಸುಗಿ ಕೆನ್‌ಶಿನ್ ಅನ್ನುವ 16ನೇ ಶತಮಾನದ ಜಪಾನಿ ದಂಡನಾಯಕನ ಮೇಲೆ ಕಟ್ಟಿದ್ದು. ಕೆನ್‌ಶಿನ್‌ಗೆ ಬದುಕಿಡೀ ಒಬ್ಬನೇ ದೊಡ್ಡ ಎದುರಾಳಿ, ತಕೆದ ಶಿಂಗೆನ್. ಕವನಕಜಿಮ ಅನ್ನುವ ಬಯಲಿನಲ್ಲಿ ಇಬ್ಬರೂ ಐದು ಸಲ ಎದುರುಬದುರಾದರು. ಶಿಂಗೆನ್‌ನ ನಾಡಿಗೆ ಕಡಲಿಲ್ಲ. ಬೇರೆ ದೊರೆಗಳು ಸೇರಿ ಅವನಿಗೆ ಉಪ್ಪು ಹೋಗದಂತೆ ತಡೆದರು. ಆಗ ಕೆನ್‌ಶಿನ್ ತನ್ನ ಕಡೆಯಿಂದ ಉಪ್ಪು ಕಳಿಸಿದ ಅಂತ ಜಪಾನಿನಲ್ಲಿ ಕತೆಯಿದೆ. ಕಾಳಗ ಏನಿದ್ದರೂ ರಣರಂಗದಲ್ಲಿ, ಎದುರಾಳಿಯ ಜನ ಉಪ್ಪಿಲ್ಲದೆ ಸಾಯಬಾರದು ಅನ್ನುವ ಮಾತು. ಶಿಂಗೆನ್ ಸತ್ತ ಸುದ್ದಿ ಬಂದಾಗ ಕೆನ್‌ಶಿನ್ ಅತ್ತನಂತೆ. ಹನ್ಯು ಬೇರೆ ಯಾರನ್ನಾದರೂ ಆರಿಸಿಕೊಳ್ಳಬಹುದಿತ್ತು. ಇವನನ್ನು ಆರಿಸಿಕೊಂಡ. ಕಾರಣ ಏನೇ ಇರಲಿ, ನನಗೆ ಆ ಪ್ರೋಗ್ರಾಂ ನೋಡುವಾಗ ಫೆರ್ನಾಂಡೆಸ್‌ನನ್ನು ತಬ್ಬಿಕೊಂಡ ಹನ್ಯು ಕಾಣುತ್ತಾನೆ.

ಬೀಜಿಂಗ್‌ಗೆ ಬರೋಣ. ಶಾರ್ಟ್ ಪ್ರೋಗ್ರಾಂನಲ್ಲಿ ಅವನ ಬ್ಲೇಡ್ ಮಂಜುಗಡ್ಡೆಯ ಒಂದು ಕುಳಿಗೆ ಸಿಕ್ಕಿತು. ಕ್ವಾಡ್ ಸಾಲ್ಕೌ ಹೋಗಿ ಒಂದೇ ಸುತ್ತು ಆಯಿತು. ಎಂಟನೇ ಸ್ಥಾನ. ಇದರಲ್ಲಿ ಚೆನ್ ತಪ್ಪೇನಿದೆ? ಫ್ರೀ ಸ್ಕೇಟ್‌ನಲ್ಲಿ ಹನ್ಯು ಕ್ವಾಡ್ ಆಕ್ಸೆಲ್ ಮಾಡಲು ಹೊರಟ. ಬೇರೆಲ್ಲ ಜಂಪ್‌ಗೆ ಹಿಮ್ಮುಖವಾಗಿ ಜಾರುತ್ತಾ ಏಳುತ್ತಾರೆ, ಆಕ್ಸೆಲ್‌ಗೆ ಮಾತ್ರ ಮುಂದಕ್ಕೆ ನೋಡಿಕೊಂಡು ಏಳಬೇಕು. ಅದಕ್ಕೇ ಅರ್ಧ ಸುತ್ತು ಜಾಸ್ತಿ. ಒಂದು ಸೆಕೆಂಡೂ ತುಂಬದ ಹೊತ್ತಿನಲ್ಲಿ ನಾಲ್ಕೂವರೆ ಸುತ್ತು. ಅದನ್ನು ಬಿಟ್ಟು ಗೊತ್ತಿರುವ ಜಂಪ್‌ಗಳನ್ನೇ ಮಾಡಿದ್ದರೆ ಪದಕಕ್ಕೆ ದಾರಿ ಇತ್ತು. ಅವನು ಬಿಡಲಿಲ್ಲ. ಬಿದ್ದ. ಆದರೂ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕ್ವಾಡ್ ಆಕ್ಸೆಲ್ ಅಂತ ಗುರುತಿಸಿದ ಮೊದಲ ಪ್ರಯತ್ನವಾಗಿ ಅದು ದಾಖಲಾಯಿತು. ನಾಲ್ಕನೇ ಸ್ಥಾನ. ಚೆನ್ 332.60ಕ್ಕೆ ಚಿನ್ನ ಗೆದ್ದ. ಹದಿನೆಂಟರ ಯುಮಾ ಕಗಿಯಾಮಾ ಬೆಳ್ಳಿ, ಉನೊ ಕಂಚು.

2019ರ ಸೈತಾಮಾ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಇದರ ಪಕ್ಕದಲ್ಲಿಟ್ಟು ನೋಡು. ಜಪಾನ್, ಹನ್ಯುವಿನ ಮನೆಯಂಗಳ. ಅವನು ಮುಗಿಸಿದ ಕೂಡಲೇ ನಿನ್ನಂಥ ಅಭಿಮಾನಿಗಳು ಎಸೆದ ಹಳದಿ ವಿನ್ನಿ-ದ-ಪೂ ಕರಡಿ ಗೊಂಬೆಗಳು ರಿಂಕ್ ತುಂಬ. ಪುಟ್ಟ ಮಕ್ಕಳು ಚೀಲ ಹಿಡಿದು ಹೆಕ್ಕುತ್ತಾರೆ. ಇನ್ನೊಬ್ಬನಿಗಾಗಿ ಕೂಗಿ ಗಂಟಲು ಕಟ್ಟಿದ ಆ ಜನರ ಎದುರು ಆಮೇಲೆ ಚೆನ್ ಇಳಿಯಬೇಕು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ, ಕೋಚ್ ಇರುವುದು ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ, ಜಾಸ್ತಿ ಒಬ್ಬನೇ ಅಭ್ಯಾಸ ಮಾಡಿಕೊಂಡು ಬಂದ ಹುಡುಗ. ಇಳಿದ, ಗೆದ್ದ. ಹನ್ಯು ಕ್ವಾಡ್ ಆಕ್ಸೆಲ್ ಬೆನ್ನು ಹತ್ತಿದ ಆ ವರ್ಷಗಳಲ್ಲಿ ಅವನೆದುರು ಇದ್ದವನು ಈ ಚೆನ್. ಆಮೇಲೆ 2022ರ ಸೆಪ್ಟೆಂಬರಿನಲ್ಲಿ, ಲೇಕ್ ಪ್ಲಾಸಿಡ್‌ನಲ್ಲಿ, ಹನ್ಯುವಿನ ಪ್ರಯತ್ನ ನೋಡಿ ಆಸೆಪಟ್ಟ 17ರ ಅಮೆರಿಕದ ಹುಡುಗ ಇಲಿಯಾ ಮಾಲಿನಿನ್ ಆ ಜಂಪ್ ಇಳಿಸಿಯೇಬಿಟ್ಟ. ಹನ್ಯು ಸ್ಪರ್ಧೆ ಬಿಟ್ಟು ಆಗ ಇನ್ನೂ ಎರಡು ತಿಂಗಳು. ಮಾಲಿನಿನ್ ಬಗ್ಗೆಯೂ ನಿನಗೆ ಸಿಟ್ಟಿದೆ ಅಂತ ಗೊತ್ತು. ಹನ್ಯು ತೆರೆದ ಬಾಗಿಲಲ್ಲಿ ಒಳಗೆ ಹೋದವನ ಮೇಲೆ ಸಿಟ್ಟು ಯಾಕೆ ಕಂದ?

ಭಾನುವಾರ ಫೋನ್ ಮಾಡು. ಅಷ್ಟರಲ್ಲಿ ಎರಡು ಪ್ರೋಗ್ರಾಂ ನೋಡಿರು: ಬಾಸ್ಟನ್‌ನ ಫೆರ್ನಾಂಡೆಸ್, ಪ್ಯೊಂಗ್‌ಚಾಂಗ್‌ನ ಫ್ರೀ ಸ್ಕೇಟ್‌ನಲ್ಲಿ ಚೆನ್. ಕಾಮೆಂಟ್ ಓದಬೇಡ, ಪಾಯಿಂಟ್ ಲೆಕ್ಕ ಹಾಕಬೇಡ. ಚೆನ್ ಕೊನೆಯ ಜಂಪ್ ಇಳಿದ ಮೇಲೆ ಅವನ ಮುಖದಲ್ಲಿ ನಿನಗೆ ಏನು ಕಂಡಿತು ಅಂತ ನನಗೆ ಹೇಳಬೇಕು. ನಿನಗೆ ಆಗಲೂ ಅವನು ಇಷ್ಟವಾಗದಿದ್ದರೆ ಯಾಕೆ ಅಂತ ಹೇಳು, ನಾನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳುತ್ತೇನೆ.

ನಿನ್ನ ಪ್ರೀತಿಯ
ಅಮ್ಮ