ಮಗಳಿಗೊಂದು ಪತ್ರ: ಮಳೆಗಾಲದ ಕಡಲಿನ ಅಡಿಯಲ್ಲಿ

ಪ್ರೀತಿಯ ಪುಟ್ಟಿ,

ಮೈಕ್ರೋಬಯಾಲಜಿ ಓದಿದರೆ ಕೊನೆಗೆ ಆಸ್ಪತ್ರೆ ಲ್ಯಾಬೇ ಗತಿಯಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡಲನ್ನೇ ನೋಡು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಆಳದ ತಣ್ಣನೆಯ ನೀರು ಮೇಲೇರಿ ದಡದತ್ತ ಬರುತ್ತದೆ. ಅದರಲ್ಲಿ ಪಾಚಿಗೆ ಗೊಬ್ಬರದಂತಿರುವ ನೈಟ್ರೇಟ್ ಜಾಸ್ತಿ, ಆಮ್ಲಜನಕ ತೀರಾ ಕಡಿಮೆ. ನೈಟ್ರೇಟ್ ಸಿಕ್ಕ ಖುಷಿಗೆ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ, ನಮ್ಮ ಬೂತಾಯಿ, ಬಂಗುಡೆಗಳಿಗೆ ಹೊಟ್ಟೆ ತುಂಬುವುದೇ ಇದರಿಂದ. ಆದರೆ ಆ ಪಾಚಿ ಸತ್ತು ಕೆಳಗಿಳಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದಿದ್ದ ಚೂರುಪಾರು ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ಮೇಲೆ ಮಳೆಯ, ಹೊಳೆಯ ಸಿಹಿನೀರು ಮುಚ್ಚಳದಂತೆ ಕೂತಿರುತ್ತದಾದ್ದರಿಂದ ಗಾಳಿ ಕೆಳಗೆ ಬೆರೆಯುವುದೂ ಕಷ್ಟ. ಮೀನು ಓಡಿಹೋಗುತ್ತದೆ. ತಳ ಬಿಟ್ಟು ಓಡಲಾಗದವು ಸಾಯುತ್ತವೆ.

ಬ್ಯಾಕ್ಟೀರಿಯಾ ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ! ಆಮ್ಲಜನಕ ಇಲ್ಲವಾ, ಅದರ ಬದಲು ನೈಟ್ರೇಟ್ ಬಳಸಿ ಉಸಿರಾಡುತ್ತವೆ. ಅದೂ ಮುಗಿದರೆ ಕಡಲ ನೀರಿನಲ್ಲಿರುವ ಸಲ್ಫೇಟ್ ಎಂಬ ಗಂಧಕದ ಲವಣ ಬಳಸುವವುಗಳ ಸರದಿ, ಆಗ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ನೈಟ್ರೇಟ್ ಒಡೆಯುವ ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 250 ಪಟ್ಟಿಗೂ ಜೋರು. ಕಣ್ಣಿಗೆ ಕಾಣದ ಜೀವಿಗಳು ಮೀನುಗಾರರ ಬಲೆಯಿಂದ ಹಿಡಿದು ಹವಾಮಾನದವರೆಗೆ ಕೈ ಹಾಕುತ್ತವೆ ಅಂದರೆ ಸುಮ್ನೆ ಮಾತಲ್ಲ.

ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು ಇದನ್ನು 2000ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಜಗತ್ತಿಗೆ ತೋರಿಸಿದರು. ಆಮ್ಲಜನಕದ ಕೊರತೆ ಸ್ವಾಭಾವಿಕವೇ, ಆದರೆ ಹೊಲದ ಗೊಬ್ಬರ ಹೊಳೆ ಸೇರಿ ಅದನ್ನು ಹೆಚ್ಚಿಸುತ್ತಿರಬಹುದು ಎಂದೂ ಎಚ್ಚರಿಸಿದರು. ನನಗೆ ಅವರಲ್ಲಿ ತುಂಬಾ ಇಷ್ಟವಾಗುವುದು ಬೇರೆಯೇ. ಗೋವಾದ ಕಾಂಡೋಲಿಮ್ ಎದುರಿನ ಒಂದೇ ಜಾಗಕ್ಕೆ ಆ ಸಂಸ್ಥೆಯವರು ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ನೀರು ತಂದಿದ್ದಾರೆ. ಜನವರಿಯಲ್ಲಿ ಒಮ್ಮೆ ಹೋಗಿ ಬಂದವನಿಗೆ ಕಡಲು ಆರೋಗ್ಯವಾಗಿಯೇ ಕಾಣುತ್ತದೆ, ಸೆಪ್ಟೆಂಬರಿನ ಉಸಿರುಗಟ್ಟುವ ನೀರು ಅವನಿಗೆ ಗೊತ್ತಾಗುವುದೇ ಇಲ್ಲ. ನಿನಗೆ ಆ ತಾಳ್ಮೆ ಇದೆ ಪುಟ್ಟಿ, ಚಿಕ್ಕಂದಿನಿಂದ ನೋಡಿದ್ದೇನೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ. ಎಂ.ಎಸ್ಸಿ.ಗೆ ಯಾವಾಗ ಅರ್ಜಿ ಕರೆಯುತ್ತಾರೆ, ವಿಚಾರಿಸು. ಫೀಸಿನ ಚಿಂತೆ ನನಗೆ ಬಿಡು.

ನಿನ್ನ
ಅಮ್ಮ